ಒದ್ದೆಯಾದ ಮೇಲೆ ಏನಾಗುತ್ತದೆ? ಚಾರಣದ ಸಾಮಾನು ಕೊಳ್ಳುವ ಮುನ್ನ

ಚಾರಣಕ್ಕೆ ಏನೇನು ಕೊಳ್ಳಬೇಕು ಎಂದು ಹುಡುಕಿದರೆ ಸಿಗುವ ಪಟ್ಟಿಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪುಗಳ ಒಣ ಚಳಿಯ ಬೆಟ್ಟಗಳನ್ನು ಮನಸ್ಸಿನಲ್ಲಿಟ್ಟು ಬರೆದವು. ಅಲ್ಲಿಗೆ ಅವು ಸರಿ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಿನ ಕಾಡಿಗೆ ಅದೇ ಪಟ್ಟಿ ಹಿಡಿದು ಹೋದರೆ ದುಡ್ಡೂ ದಂಡ, ಕಾಲೂ ದಂಡ. ಕೊಡಚಾದ್ರಿ, ಕುದುರೆಮುಖ, ಕುಮಾರಪರ್ವತ, ತಡಿಯಂಡಮೋಳ್ ಎಲ್ಲೇ ಹೋಗಲಿ, ಸಹ್ಯಾದ್ರಿಯಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ನೀರನ್ನು. ಮೇಲಿನಿಂದ ಮಳೆ, ಮೈಯೊಳಗಿಂದ ಬೆವರು, ಸೊಂಟದೆತ್ತರದ ಹುಲ್ಲಿನಿಂದ ತೊಡೆಗೆ ಇಳಿಯುವ ಹನಿ, ಊರಿಗೆ ಮರಳಿದ ಮೇಲೂ ಅಟ್ಟದಲ್ಲಿಟ್ಟ ಸಾಮಾನನ್ನು ಬಿಡದ ತೇವ. ಅಂಗಡಿಯಲ್ಲಿ ಯಾವ ವಸ್ತು ಕೈಗೆತ್ತಿಕೊಂಡರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಒದ್ದೆಯಾದ ಮೇಲೆ ಇದು ಏನಾಗುತ್ತದೆ?

ಶೂನಿಂದ ಶುರು ಮಾಡೋಣ. ಕೈಯಲ್ಲಿ 10,000 ರೂಪಾಯಿ ಇದ್ದರೆ ಅದರಲ್ಲಿ ಅರ್ಧದಷ್ಟನ್ನು ಕಾಲಿಗೇ ಹಾಕಿ ಎನ್ನುವುದು ನನ್ನ ಸಲಹೆ. ಬ್ಯಾಗು, ಟೆಂಟು, ಜಾಕೆಟ್ಟು ಎಲ್ಲವನ್ನೂ ಸ್ನೇಹಿತರಿಂದ ಎರವಲು ತರಬಹುದು, ಬಾಡಿಗೆಗೆ ಪಡೆಯಬಹುದು. ಇನ್ನೊಬ್ಬರ ಕಾಲಿಗೆ ಪಳಗಿದ ಶೂ ಮಾತ್ರ ನಮ್ಮ ಕಾಲಿಗೆ ಆಗುವುದಿಲ್ಲ.

ಅಂಗಡಿಯವರು ಮೊದಲು ತೋರಿಸುವುದು ವಾಟರ್‌ಪ್ರೂಫ್ ಶೂ. ಮಳೆಗಾಲದ ಮಲೆನಾಡಿಗೆ ಅದು ಬೇಡ. ಅದರ ಒಳಪೊರೆ ನೀರನ್ನು ತಡೆಯುವುದು ಪಾದದ ಸುತ್ತ ಮಾತ್ರ. ಕಾಲು ತೂರಿಸುವ ಬಾಯಿ ತೆರೆದೇ ಇರುತ್ತದೆ. ಮೊಣಕಾಲುದ್ದದ ಹಳ್ಳ ಒಂದನ್ನು ದಾಟಿದರೆ ಅಥವಾ ಪ್ಯಾಂಟಿನಿಂದ ಕಾಲುಚೀಲಕ್ಕೆ ನೀರು ಇಳಿದರೆ, ಒಳಗೆ ಬಂದ ನೀರು ಹೊರಗೆ ಹೋಗಲು ದಾರಿಯೇ ಇಲ್ಲ. ಆಮೇಲೆ ದಿನವಿಡೀ ಬಕೆಟ್ಟಿನಲ್ಲಿ ಕಾಲಿಟ್ಟು ನಡೆದ ಹಾಗೆ. ಪಾದದ ಚರ್ಮ ಬೆಳ್ಳಗೆ ಮೆತ್ತಗಾಗಿ ಸುಕ್ಕುಗಟ್ಟುತ್ತದೆ, ಮೆತ್ತಗಾದ ಚರ್ಮ ತಿಕ್ಕಿದಲ್ಲಿ ಬೊಬ್ಬೆ ಏಳುತ್ತದೆ. ಜಾಲರಿ ಬಟ್ಟೆಯ ಶೂ ಆದರೆ ಹಳ್ಳ ದಾಟಿದ ಮೇಲೆ ನೂರು ಹೆಜ್ಜೆಯೊಳಗೆ ನೀರನ್ನು ಹಿಂಡಿ ಹೊರಗೆ ಹಾಕುತ್ತದೆ. ಕಾಡಿನ ಕೆಲಸದವರು ಹಾಕುವ ಕ್ಯಾನ್ವಾಸಿನ ಹಂಟರ್ ಶೂ ಕೂಡ ಈ ಕಾರಣಕ್ಕೇ ಅಷ್ಟು ಕಡಿಮೆ ಬೆಲೆಗೆ ಅಷ್ಟು ಚೆನ್ನಾಗಿ ನಡೆಯುತ್ತದೆ. ಅದರ ಕೊರತೆ ಎಂದರೆ ಹಿಮ್ಮಡಿಯ ಕೆಳಗೆ ಮೆತ್ತೆ ಇರುವುದಿಲ್ಲ. ಎರಡು ದಿನದ ಇಳಿಜಾರಿಗೆ ಬೇರೆ ಇನ್‌ಸೋಲ್ ಹಾಕಿಕೊಳ್ಳಬೇಕು.

ಸೋಲಿನ ಹಲ್ಲುಗಳು 4ರಿಂದ 5 ಮಿಲಿಮೀಟರ್ ಆಳ ಇರಲಿ, ಒಂದಕ್ಕೊಂದು ತುಸು ದೂರ ಇರಲಿ. ಹತ್ತಿರ ಹತ್ತಿರ ಇದ್ದರೆ ಜಂಬಿಟ್ಟಿಗೆಯ ಕೆಂಪು ಕೆಸರು ತುಂಬಿಕೊಂಡು ಸೋಲು ನುಣುಪಾಗುತ್ತದೆ. ಪಾಚಿ ಹಿಡಿದ ಬಂಡೆಯ ಮೇಲೆ ಯಾವ ಹಲ್ಲೂ ನಿಲ್ಲುವುದಿಲ್ಲ. ಅಲ್ಲಿ ಹಿಡಿತ ಕೊಡುವುದು ರಬ್ಬರಿನ ಮೆದುತನ. ಉಗುರಿನಿಂದ ಒತ್ತಿ ನೋಡಿ. ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗಿದ್ದರೆ ಆ ಶೂ ಎಷ್ಟೇ ಚೆಂದವಿದ್ದರೂ ಹಳ್ಳದ ಬಂಡೆಗೆ ಅಪಾಯ. ಇಂದು ಬೆಟ್ಟದ ಶೂಗಳಲ್ಲೆಲ್ಲ ಕಾಣುವ ಹಲ್ಲಿನ ರಬ್ಬರ್ ಸೋಲಿನ ಹಿಂದೆ ಒಂದು ದುಃಖದ ಘಟನೆ ಇದೆ. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಇಟಲಿಯ ವಿಟಾಲೆ ಬ್ರಮಾನಿಯ ಜೊತೆಗಾರರು ಆರು ಮಂದಿ ತೀರಿಕೊಂಡರು. ಕಾಲಿಗೆ ತಕ್ಕ ಶೂ ಇಲ್ಲದ್ದೂ ಅದಕ್ಕೊಂದು ಕಾರಣ. ಎರಡು ವರ್ಷದ ನಂತರ ಬ್ರಮಾನಿ ರೂಪಿಸಿದ ರಬ್ಬರ್ ಸೋಲೇ ಅವರ ಹೆಸರು ಹೊತ್ತ ವೈಬ್ರಮ್ ಸೋಲು.

ಅಳತೆಗೆ ಸಂಜೆ ಹೊತ್ತು ಹೋಗಿ. ದಿನವಿಡೀ ಓಡಾಡಿದ ಪಾದ ಬೆಳಗ್ಗೆಗಿಂತ ಊದಿರುತ್ತದೆ, ಬೆಟ್ಟದಲ್ಲಿ ಊದುವಂತೆಯೇ. ನಡೆಯುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ನೋಡಿ. ಲೇಸು ಕಟ್ಟದೆ ಪಾದವನ್ನು ಮುಂದಕ್ಕೆ ತಳ್ಳಿದಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ತೂರಬೇಕು. ಲೇಸು ಬಿಗಿದ ಮೇಲೆ ಅಂಗಡಿಯ ಮೆಟ್ಟಿಲನ್ನೋ ಇಳಿಜಾರು ಹಲಗೆಯನ್ನೋ ಜೋರಾಗಿ ಹೆಜ್ಜೆಯಿಟ್ಟು ಇಳಿಯಿರಿ. ಹೆಬ್ಬೆರಳು ಮುಂದೆ ತಾಗಿದರೆ ಅರ್ಧ ಸೈಜು ದೊಡ್ಡದು ತೆಗೆದುಕೊಳ್ಳಿ. ಇದನ್ನು ಕಡೆಗಣಿಸಬೇಡಿ. ಕುಮಾರಪರ್ವತದ ತುದಿ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯ ಇರುವುದು ಬೆಟ್ಟದ ಬುಡದಲ್ಲಿ. ಹತ್ತಿದ 1,500 ಮೀಟರಿಗೂ ಹೆಚ್ಚಿನ ಎತ್ತರವನ್ನು ಮತ್ತೆ ಇಳಿಯಬೇಕು. ಪ್ರತಿ ಹೆಜ್ಜೆಗೂ ಹೆಬ್ಬೆರಳು ಗುದ್ದಿಸಿಕೊಂಡವರ ಉಗುರು ವಾರದೊಳಗೆ ಕಪ್ಪಾಗಿ, ಕೆಲವು ವಾರ, ತಿಂಗಳುಗಳಲ್ಲಿ ಕಿತ್ತು ಬರಬಹುದು. ಏರುವಾಗ ಹಿಮ್ಮಡಿ ಎದ್ದೆದ್ದು ಬಿದ್ದರೆ ತಪ್ಪು ಸೈಜಿನದ್ದಲ್ಲದೆಯೂ ಇರಬಹುದು. ಮೇಲಿನ ಎರಡು ತೂತುಗಳ ನಡುವೆ ಲೇಸನ್ನು ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಅದರೊಳಗೆ ತೂರಿಸಿ ಎಳೆದು ಕಟ್ಟಿ ನೋಡಿ. ಹಿಮ್ಮಡಿ ಕೂತುಕೊಂಡರೆ ಶೂ ಸರಿಯಿದೆ.

ಹಳೆಯ ಶೂ ಇದೆ ಎಂದು ನೆಮ್ಮದಿಯಿಂದ ಇರುವವರಿಗೆ ಒಂದು ಎಚ್ಚರಿಕೆ. ಭಾರವಾದ ಬೂಟುಗಳ ನಡುಸೋಲನ್ನು ಹೆಚ್ಚಾಗಿ ಪಾಲಿಯುರೆಥೇನ್ ನೊರೆಯಿಂದ ಮಾಡುತ್ತಾರೆ. ಗಾಳಿಯ ತೇವ ಅದರೊಳಗೆ ಹೊಕ್ಕು ಅದರ ಕೊಂಡಿಗಳನ್ನು ಒಂದೊಂದಾಗಿ ಕಡಿಯುತ್ತದೆ. ಬಳಸಿದರೂ ಆಗುತ್ತದೆ, ಬಳಸದೆ ಇಟ್ಟರೂ ಆಗುತ್ತದೆ. ಐದಾರು ವರ್ಷ ಡಬ್ಬಿಯಲ್ಲಿ ಭದ್ರವಾಗಿಟ್ಟ, ಹೊಸದರಂತೆ ಹೊಳೆಯುವ ಬೂಟಿನ ಸೋಲು ಮೊದಲ ದಿನದ ಏರಿನಲ್ಲೇ ರೊಟ್ಟಿಯ ಚೂರಿನಂತೆ ಉದುರಿ ಬೀಳುವುದು ಇದರಿಂದ. ಹೊರಡುವ ಹದಿನೈದು ದಿನ ಮುಂಚೆ ಬೂಟನ್ನು ತೆಗೆದು ಸೋಲಿನ ಪಕ್ಕಕ್ಕೆ ಹೆಬ್ಬೆರಳು ಒತ್ತಿ. ಒತ್ತಿದ ಗುರುತು ಹಾಗೇ ಉಳಿದರೆ, ಸಣ್ಣ ಬಿರುಕು ಕಂಡರೆ ಅಥವಾ ಪುಡಿ ಬೆರಳಿಗೆ ಅಂಟಿದರೆ ಅದನ್ನು ಬೆಟ್ಟಕ್ಕೆ ಒಯ್ಯಬೇಡಿ. ಫೆವಿಕ್ವಿಕ್ ಹಾಕಿ ಪ್ರಯೋಜನವಿಲ್ಲ, ಅಂಟಿಕೊಳ್ಳಲು ಅಲ್ಲಿ ಗಟ್ಟಿ ವಸ್ತುವೇ ಉಳಿದಿರುವುದಿಲ್ಲ. ಹಗುರ ಶೂಗಳಲ್ಲಿ ಇರುವ ಇವಿಎ ನೊರೆಗೆ ಈ ರೋಗವಿಲ್ಲ. ಅದು ಚಪ್ಪಟೆಯಾಗಿ ಸವೆಯುತ್ತದೆ ಅಷ್ಟೆ. ಮಂಗಳೂರು, ಕಾರವಾರದ ಕಡೆ ಮನೆ ಇದ್ದವರು ಇವಿಎ ಸೋಲನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಕಾಲುಚೀಲ ಮೂರು ಜೊತೆ. ಎರಡು ನಡೆಯಲು, ಒಂದು ರಾತ್ರಿ ಮಲಗಲು ಮಾತ್ರ. ಆ ಮೂರನೆಯದನ್ನು ಏನೇ ಆದರೂ ಹಗಲು ಹಾಕಬಾರದು. ಹತ್ತಿಯದು ಬೇಡ. ಹತ್ತಿ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಮಳೆಗಾಲದ ಗಾಳಿಯಲ್ಲಿ ರಾತ್ರಿಯಿಡೀ ನೇತುಹಾಕಿದರೂ ಒಣಗುವುದಿಲ್ಲ. ಪಾಲಿಯೆಸ್ಟರ್ ಅಥವಾ ಉಣ್ಣೆ ಬೆರೆತದ್ದು ನೋಡಿ. ಜೀನ್ಸ್ ಬೇಡ ಎನ್ನುವುದಕ್ಕೂ ಕಾರಣ ಇದೇ: ಒದ್ದೆ ಜೀನ್ಸ್ ಕಾಲಿಗೆ ಕಲ್ಲು ಕಟ್ಟಿದ ಹಾಗೆ, ಜೊತೆಗೆ ತೊಡೆ ಸಂದನ್ನು ಸುಲಿಯುತ್ತದೆ.

ಇನ್ನು ಇಂಬಳ, ಅಂದರೆ ಕಾಡಿನ ಜಿಗಣೆ. ಅದಕ್ಕೆ ಅತ್ಯುತ್ತಮ ಸಾಮಾನು ಒತ್ತಾಗಿ ನೇಯ್ದ ಬಟ್ಟೆಯ, ಮೊಣಕಾಲಿನವರೆಗೆ ಬರುವ ಲೀಚ್ ಸಾಕ್ಸ್. ಇದನ್ನು ಮಾಮೂಲಿ ಕಾಲುಚೀಲದ ಮೇಲೆ, ಶೂನ ಒಳಗೆ ಹಾಕಿ, ಪ್ಯಾಂಟನ್ನು ಅದರೊಳಗೆ ತೂರಿಸಿ ಮಂಡಿಯ ಕೆಳಗೆ ಕಟ್ಟಬೇಕು. ಹೆಣೆದ ಕಾಲುಚೀಲ ಎಷ್ಟೇ ದಪ್ಪವಿದ್ದರೂ ಅದರ ಕಣ್ಣುಗಳ ನಡುವೆ ಇಂಬಳ ದಾರದಂತೆ ಸಣ್ಣಗಾಗಿ ನುಸುಳುತ್ತದೆ. ಕಾಲಿಗೆ ಉಪ್ಪು ಸವರಿದರೆ ಮೊದಲ ಹಳ್ಳದಲ್ಲೇ ತೊಳೆದು ಹೋಗುತ್ತದೆ. ಮಲೆನಾಡಿನವರ ಉಪಾಯ ಇದಕ್ಕಿಂತ ಮೇಲು: ಉಪ್ಪನ್ನೋ ಹೊಗೆಸೊಪ್ಪಿನ ಪುಡಿಯನ್ನೋ ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಬಿಗಿದು, ಹತ್ತಿದ ಇಂಬಳಕ್ಕೆ ಮುಟ್ಟಿಸುವುದು. ಒಂದು ಗಂಟು ಇಡೀ ದಿನಕ್ಕೆ ಸಾಕು, ಹಳ್ಳದ ಕಪ್ಪೆಗಳಿಗೂ ಉಪ್ಪಿನ ಕಾಟವಿಲ್ಲ.

ಮಳೆ ತಡೆಯುವ ಜಾಕೆಟ್ಟಿನ ವಿಷಯ ತುಸು ವಿವರವಾಗಿ ನೋಡಬೇಕು, ಏಕೆಂದರೆ ಜನ ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲಿ. ಜಾಕೆಟ್ಟಿನ ಚೀಟಿಯಲ್ಲಿ 5,000, 10,000, 20,000 ಮಿಲಿಮೀಟರ್ ಎಂಬ ಅಂಕಿ ಇರುತ್ತದೆ. ಬಟ್ಟೆಯ ಮೇಲೆ ಅಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೂ ಸೋರುವುದಿಲ್ಲ ಎಂದು ಅದರ ಅರ್ಥ. ಬರಿಯ ಮಳೆ ಹನಿಗೆ ಅಷ್ಟು ಬೇಕಿಲ್ಲ. ಬ್ಯಾಗಿನ ಪಟ್ಟಿ ಹೆಗಲ ಮೇಲೆ ಒತ್ತುವ ಕಡೆ ಬೇಕು. ಹೊರೆ ಹೊತ್ತು ನಡೆಯುವವರಿಗೆ 10,000 ಸಾಕಾಗುತ್ತದೆ. ಹೊಲಿಗೆಗಳ ಒಳಬದಿಗೆ ಟೇಪು ಅಂಟಿಸಿದೆಯೇ ಎಂದು ಜಾಕೆಟ್ಟನ್ನು ತಿರುವಿ ಹಾಕಿ ನೋಡಿ. ಟೇಪು ಇಲ್ಲದಿದ್ದರೆ ಆ ಅಂಕಿಗೆ ಬೆಲೆಯಿಲ್ಲ, ಸೂಜಿಯ ತೂತುಗಳಲ್ಲೇ ನೀರು ಬರುತ್ತದೆ.

ಉಸಿರಾಡುವ ಬಟ್ಟೆ ಎಂದು ಹೇಳಿ ಮೂರು ಪಟ್ಟು ಬೆಲೆ ಹಾಕುತ್ತಾರಲ್ಲ, ಅದು ಕೆಲಸ ಮಾಡುವ ಬಗೆ ಹೀಗೆ: ಒಳಗಿನ ಗಾಳಿ ಬಿಸಿಯಾಗಿ ಆವಿಯಿಂದ ತುಂಬಿರಬೇಕು, ಹೊರಗಿನ ಗಾಳಿ ತಣ್ಣಗೆ ಒಣಗಿರಬೇಕು. ಆ ವ್ಯತ್ಯಾಸವೇ ಬೆವರಿನ ಆವಿಯನ್ನು ಹೊರಗೆ ನೂಕುವ ಬಲ. ಜುಲೈ ತಿಂಗಳ ಸಹ್ಯಾದ್ರಿ ಕಾಡಿನಲ್ಲಿ ಹೊರಗಿನ ಗಾಳಿ ಬೆಚ್ಚಗೂ ಇರುತ್ತದೆ, ತೇವದಿಂದ ತುಂಬಿಯೂ ಇರುತ್ತದೆ. ನೂಕುವ ಬಲವೇ ಉಳಿಯುವುದಿಲ್ಲ. ಮೇಲ್ಬಟ್ಟೆಯ ಮೇಲೆ ಹನಿ ಮುತ್ತಿನಂತೆ ಉರುಳುವಂತೆ ಮಾಡುವ ಲೇಪ ಸವೆದು ಬಟ್ಟೆಯೇ ನೀರು ಕುಡಿದರಂತೂ ಮುಗಿಯಿತು. ಎಂಥ ದುಬಾರಿ ಜಾಕೆಟ್ಟಿನೊಳಗೂ ಅರ್ಧ ಗಂಟೆಯಲ್ಲಿ ಬೆವರಿನಿಂದಲೇ ತೊಯ್ದಿರುತ್ತೀರಿ. ಹಾಗಾಗಿ ಕಾಡಿನೊಳಗಿನ ಏರಿಗೆ ಬ್ಯಾಗಿನ ಸಮೇತ ಮುಚ್ಚುವ ಸಾದಾ ಪೊಂಚೊ ಸಾಕು. ಅದರ ಕೆಳಗಿನಿಂದ ಗಾಳಿಯಾದರೂ ಆಡುತ್ತದೆ. ಗಾಳಿ ಬೀಸುವ ಬೋಳು ನೆತ್ತಿಯ ಮೇಲೆ ಪೊಂಚೊ ಹಾಯಿಯಂತೆ ಹಾರುತ್ತದೆ, ಸೊಂಟಕ್ಕೆ ಒಂದು ದಾರ ಕಟ್ಟಿಕೊಳ್ಳಿ. ಜಾಕೆಟ್ಟೇ ಬೇಕೆಂದರೆ ಕಂಕುಳಲ್ಲಿ ಜಿಪ್ಪು ಇರುವುದನ್ನು ಕೊಳ್ಳಿ. ಬೆವರನ್ನು ಹೊರಹಾಕಲು ಯಾವ ಪೊರೆಗಿಂತಲೂ ತೆರೆದ ಜಿಪ್ಪು ಹೆಚ್ಚು ಕೆಲಸ ಮಾಡುತ್ತದೆ.

ಮಳೆಗಾಲದ ಮಲೆನಾಡಿನಲ್ಲಿ ಒಣಗಿಯೇ ನಡೆಯುತ್ತೇನೆ ಎಂಬ ಆಸೆ ಬಿಟ್ಟುಬಿಡಬೇಕು. ಒದ್ದೆಯಾದರೂ ಬೆಚ್ಚಗಿರುವುದು ಹೇಗೆ ಎಂದು ಯೋಚಿಸಬೇಕು. ನಾಟಿ ಗದ್ದೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ದುಡಿದ ಹಿರಿಯರಿಗೆ ಇದು ಗೊತ್ತಿತ್ತು. ಕುರಿಯ ಉಣ್ಣೆ ನೆನೆದರೂ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಂದು ಆ ಕೆಲಸಕ್ಕೆ ತೆಳ್ಳನೆಯ ಫ್ಲೀಸ್ ಇದೆ: ಹಿಂಡಿ ಕೊಡವಿ ಮತ್ತೆ ಹಾಕಿಕೊಂಡರೆ ಮೈಶಾಖಕ್ಕೇ ಒಣಗುತ್ತದೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು 6 ಡಿಗ್ರಿ ಇಳಿಯುತ್ತದೆ. ಬುಡದಲ್ಲಿ 26 ಡಿಗ್ರಿ ಇದ್ದರೆ ಕುಮಾರಪರ್ವತದ ನೆತ್ತಿಯಲ್ಲಿ 17ರ ಆಸುಪಾಸು. ಮನೆಯಲ್ಲಿ ಕೂತು ಓದಿದರೆ ಅದೇನು ಚಳಿ ಎನಿಸಬಹುದು. ತೊಯ್ದ ಹತ್ತಿ ಟೀ ಶರ್ಟು, ಜೋರು ಗಾಳಿ, ಹಸಿದ ಹೊಟ್ಟೆ ಸೇರಿದರೆ ಆ 17 ಡಿಗ್ರಿಯೇ ಹಲ್ಲು ಕಟಕಟಿಸಿ, ಮಾತು ತೊದಲಿ, ಕೈ ಜಿಪ್ಪು ಹಾಕಲಾಗದಂತೆ ಮರಗಟ್ಟುವ ಸ್ಥಿತಿಗೆ ತರುತ್ತದೆ.

ಬ್ಯಾಗಿನ ಲೀಟರ್ ಲೆಕ್ಕ ಸುಲಭ. ಒಂದು ದಿನಕ್ಕೆ 20ರಿಂದ 30, ಎರಡು ಮೂರು ದಿನಕ್ಕೆ 40ರಿಂದ 50, ಹಿಮಾಲಯದ ವಾರದ ಚಾರಣಕ್ಕೆ 50ರಿಂದ 60. ದೊಡ್ಡದಿರಲಿ ಎಂದು 70 ಲೀಟರ್ ಕೊಂಡವರು ಜಾಗ ಇದೆಯೆಂದು ತುಂಬುತ್ತಾರೆ. ಹೊರೆ ಮೈತೂಕದ ಐದನೇ ಒಂದು ಭಾಗ ದಾಟದಿರಲಿ; 60 ಕಿಲೋ ಇರುವವರಿಗೆ 12 ಕಿಲೋ, ಅದರಲ್ಲೇ 3 ಲೀಟರ್ ನೀರಿನ 3 ಕಿಲೋ ಕೂಡ ಸೇರಿ.

ಲೀಟರಿಗಿಂತ ಮುಖ್ಯವಾದದ್ದು ಬೆನ್ನಿನ ಉದ್ದ. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಉಬ್ಬುವ ಮೂಳೆಯಿಂದ, ಸೊಂಟದ ಮೂಳೆಗಳ ಮೇಲಂಚಿನ ಮಟ್ಟದವರೆಗೆ ಟೇಪಿನಲ್ಲಿ ಅಳೆಸಿಕೊಳ್ಳಿ. ನಿಮ್ಮ ಎತ್ತರಕ್ಕೂ ಈ ಅಳತೆಗೂ ನೇರ ಸಂಬಂಧವಿಲ್ಲ, ಕಾಲು ಉದ್ದವಿದ್ದು ಬೆನ್ನು ಗಿಡ್ಡವಿರಬಹುದು. ಅಂಗಡಿಯಲ್ಲಿ ಖಾಲಿ ಬ್ಯಾಗು ಹಾಕಿ ಕನ್ನಡಿ ನೋಡಿದರೆ ಏನೂ ತಿಳಿಯದು. 8ರಿಂದ 10 ಕಿಲೋ ತುಂಬಿಸಿ ಕೊಡಿ ಎಂದು ಕೇಳಿ. ಎಲ್ಲ ಪಟ್ಟಿಗಳನ್ನೂ ಸಡಿಲಿಸಿ ಹೊತ್ತುಕೊಳ್ಳಿ. ಮೊದಲು ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಮೇಲೇ ಕೂರಿಸಿ ಬಿಗಿಯಿರಿ. ಹೊಟ್ಟೆಯ ಮೇಲೆ ಕೂತರೆ ಉಸಿರು ಕಟ್ಟುತ್ತದೆ, ಭಾರವೂ ಇಳಿಯುವುದಿಲ್ಲ. ಆಮೇಲೆ ಹೆಗಲ ಪಟ್ಟಿ, ಆಮೇಲೆ ಹೆಗಲ ಮೇಲಿನಿಂದ ಬ್ಯಾಗಿನ ತಲೆಗೆ ಹೋಗುವ ಚಿಕ್ಕ ಪಟ್ಟಿ, ಕಡೆಗೆ ಎದೆಯದು. ಸರಿಯಾಗಿ ಕೂತಿದ್ದರೆ ಹೆಗಲ ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗುತ್ತದೆ, ಭಾರದ ಬಹುಪಾಲು ಸೊಂಟದ ಮೇಲಿರುತ್ತದೆ. ಈ ಶಾಸ್ತ್ರಕ್ಕೆ ಇಪ್ಪತ್ತು ನಿಮಿಷ ಬೇಕು, ಕೊಡಲೇಬೇಕು.

ಬ್ಯಾಗಿನ ಜೊತೆ ಬರುವ ರೇನ್ ಕವರನ್ನು ನಂಬಿ ಕೂರಬೇಡಿ. ಅದು ಮುಚ್ಚುವುದು ಹೊರಬದಿಯನ್ನು. ಕುತ್ತಿಗೆಯಿಂದ ಇಳಿದ ನೀರು ಬೆನ್ನಿಗೂ ಬ್ಯಾಗಿಗೂ ನಡುವೆ ಹರಿದು ಮೆತ್ತೆಯ ಮೂಲಕ ಒಳಗೆ ಸೇರುತ್ತದೆ. ಕವರಿನ ತಳದಲ್ಲಿ ಅರ್ಧ ಲೀಟರ್ ನೀರು ಕೆರೆಯಂತೆ ನಿಲ್ಲುವುದೂ ಉಂಟು. ಒಳಗಿನಿಂದ ರಕ್ಷಣೆ ಬೇಕು. ಗೊಬ್ಬರದಂಗಡಿಯಲ್ಲಿ, ಪ್ಯಾಕಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುವ ದಪ್ಪ ಪ್ಲಾಸ್ಟಿಕ್ ಚೀಲ ಒಂದನ್ನು ಬ್ಯಾಗಿನೊಳಗೆ ಇಳಿಸಿ, ಅದರೊಳಗೆ ಎಲ್ಲವನ್ನೂ ತುಂಬಿ, ಗಾಳಿ ಹೊರಹಾಕಿ ಬಾಯಿಯನ್ನು ತಿರುಚಿ ಮಡಚಿ ರಬ್ಬರ್ ಬ್ಯಾಂಡು ಹಾಕಿ. ಸ್ಲೀಪಿಂಗ್ ಬ್ಯಾಗು ಮತ್ತು ರಾತ್ರಿಯ ಬಟ್ಟೆಗೆ ಇನ್ನೊಂದು ಚೀಲ. ಐವತ್ತು ರೂಪಾಯಿಯೊಳಗಿನ ಈ ಚೀಲ ಮಾಡುವ ಕೆಲಸವನ್ನು ಸಾವಿರ ರೂಪಾಯಿಯ ಕವರು ಮಾಡುವುದಿಲ್ಲ. ಹಿಂದಿರುಗುವಾಗ ಚೀಲವನ್ನು ಮರೆಯದೆ ಜೊತೆಗೇ ತನ್ನಿ.

ಇದೇ ಸಾಮಾನು ಹಿಮಾಲಯಕ್ಕೆ ಆಗುತ್ತದೆಯೇ? ಬೆಂಗಳೂರು, ಹುಬ್ಬಳ್ಳಿಗಳಿಂದ ಮೊದಲ ಹಿಮದ ಚಾರಣಕ್ಕೆ ಉತ್ತರಾಖಂಡದ ಕೇದಾರಕಂಠಕ್ಕೆ ಹೋಗುವವರು ಬಹಳ. ಸುಮಾರು 3,800 ಮೀಟರ್ ಎತ್ತರ, ಡಿಸೆಂಬರ್, ಜನವರಿಯ ರಾತ್ರಿ ಸೊನ್ನೆಗಿಂತ 8ರಿಂದ 10 ಡಿಗ್ರಿ ಕೆಳಗೆ ಇಳಿಯುವುದುಂಟು. ಇಲ್ಲಿ ಕೆಲವು ಮಾತು ತಿರುಗುಮುರುಗಾಗುತ್ತದೆ. ಮಲೆನಾಡಿಗೆ ಬೇಡವೆಂದ ವಾಟರ್‌ಪ್ರೂಫ್ ಬೂಟೇ ಇಲ್ಲಿ ಬೇಕು, ಏಕೆಂದರೆ ಹಿಮ ಮೇಲಿನಿಂದ ಹರಿದು ಬರುವುದಿಲ್ಲ. ತಾಗಿದಲ್ಲೇ ನಿಧಾನ ಕರಗುತ್ತದೆ. ಬೂಟಿನ ಬಾಯಿಯನ್ನು ಮುಚ್ಚಲು ಮೊಣಕಾಲಿನವರೆಗಿನ ಗೇಟರ್ ಕಟ್ಟಿದರೆ ಕಾಲು ಸಂಜೆವರೆಗೂ ಒಣಗಿಯೇ ಇರುತ್ತದೆ. ಹೊರಗಿನ ಗಾಳಿ ತಣ್ಣಗೆ ಒಣಗಿರುವುದರಿಂದ ಉಸಿರಾಡುವ ಜಾಕೆಟ್ಟೂ ಇಲ್ಲಿ ತನ್ನ ಬೆಲೆಗೆ ತಕ್ಕಂತೆ ದುಡಿಯುತ್ತದೆ.

ಸ್ಲೀಪಿಂಗ್ ಬ್ಯಾಗಿನ ಚೀಟಿಯನ್ನು ಓದಲು ಕಲಿಯಬೇಕು. ಐಎಸ್‌ಒ 23537 ಅಥವಾ ಹಳೆಯ ಇಎನ್ 13537 ಎಂಬ ಮಾನದಂಡದ ಸಂಖ್ಯೆ ಬರೆದಿದ್ದರೆ ಅದರ ಅಂಕಿಗಳನ್ನು ಪ್ರಯೋಗಾಲಯದಲ್ಲಿ ಬಿಸಿ ಬೊಂಬೆಯನ್ನು ಮಲಗಿಸಿ ಅಳೆದಿರುತ್ತಾರೆ. ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂದು ಮೂರು ಅಂಕಿ. ಎಕ್ಸ್‌ಟ್ರೀಮ್ ಎಂದರೆ ಹೆಪ್ಪುಗಟ್ಟಿ ಸಾಯದೆ ರಾತ್ರಿ ಕಳೆಯಬಹುದಾದ ಮಟ್ಟ, ನಿದ್ರೆಯ ಮಾತು ಅಲ್ಲಿಲ್ಲ. ಲಿಮಿಟ್ ಎಂದರೆ ಗಂಡಸೊಬ್ಬ ಮುದುಡಿ ಮಲಗಿ ನಡುಗದೆ ಇರಬಹುದಾದದ್ದು. ಕೊಳ್ಳುವಾಗ ಕಂಫರ್ಟ್ ಅಂಕಿಯನ್ನೇ ನೋಡಿ. ಹೊರಗೆ ದೊಡ್ಡ ಅಕ್ಷರದಲ್ಲಿ ಮೈನಸ್ 10 ಎಂದು ಬರೆದ ಚೀಲದ ಕಂಫರ್ಟ್ ಸೊನ್ನೆಯ ಹತ್ತಿರ ಇರಬಹುದು.

ಅಷ್ಟೇ ಮುಖ್ಯವಾದದ್ದು ಕೆಳಗೆ ಹಾಸುವ ಮ್ಯಾಟು. ಮೈಭಾರಕ್ಕೆ ಚೀಲದ ತಳಭಾಗ ಚಪ್ಪಟೆಯಾಗಿ ಅದರ ಶಾಖ ತಡೆಯುವ ಗುಣವೇ ಹೋಗಿರುತ್ತದೆ, ನೆಲದ ಚಳಿ ನೇರ ಬೆನ್ನಿಗೆ. ಮ್ಯಾಟಿನ ಶಕ್ತಿಯನ್ನು ಆರ್ ಅಂಕಿಯಲ್ಲಿ ಹೇಳುತ್ತಾರೆ. ಸಾದಾ ಫೋಮ್ ಮ್ಯಾಟಿನದು 2ರ ಆಸುಪಾಸು, ಹಿಮದ ಮೇಲೆ 4ಕ್ಕಿಂತ ಹೆಚ್ಚು ಬೇಕು. ಒಂದರ ಮೇಲೊಂದು ಹಾಸಿದರೆ ಅಂಕಿ ಕೂಡಿಕೊಳ್ಳುತ್ತದೆ, ಎರಡು ಫೋಮ್ ಮ್ಯಾಟು ಒಂದು ದುಬಾರಿ ಗಾಳಿ ಮ್ಯಾಟಿಗೆ ಸಮ. ಫೋಮು ತೂತು ಬೀಳುವುದೂ ಇಲ್ಲ.

ಹಕ್ಕಿಯ ಪುಕ್ಕ ತುಂಬಿದ ಚೀಲ, ಜಾಕೆಟ್ಟುಗಳು ಹಗುರ, ಬೆಚ್ಚಗೆ. ಮತ್ತೆ ಅದೇ ಪ್ರಶ್ನೆ ಕೇಳಿ. ಒದ್ದೆಯಾದರೆ ಪುಕ್ಕ ಮುದ್ದೆಯಾಗಿ ಮೂಲೆಗೆ ಸೇರುತ್ತದೆ, ಉಬ್ಬು ಹೋದರೆ ಬಿಸಿಯೂ ಹೋಯಿತು. ಒಣ ಹಿಮಕ್ಕೆ ಪುಕ್ಕ, ಸಹ್ಯಾದ್ರಿಗೆ ಕೃತಕ ಎಳೆ. ವರ್ಷಕ್ಕೊಮ್ಮೆ ಹಿಮಾಲಯಕ್ಕೆ ಹೋಗುವವರು ಪುಕ್ಕದ ಚೀಲ, ಹಿಮದ ಮೇಲೆ ಜಾರದಂತೆ ಶೂಗೆ ತೊಡಿಸುವ ಮೈಕ್ರೋಸ್ಪೈಕ್, ಗೇಟರ್‌ಗಳನ್ನು ಬಾಡಿಗೆಗೆ ಪಡೆಯುವುದೇ ಜಾಣತನ. ಬಾಡಿಗೆಯ ಚೀಲವನ್ನು ಬೆಳಕಿಗೆ ಹಿಡಿದು ನೋಡಿ, ಪುಕ್ಕವಿಲ್ಲದ ಖಾಲಿ ಕೋಣೆಗಳು ಕಂಡರೆ ಬೇರೆ ಕೇಳಿ. ಕಪ್ಪು ಕನ್ನಡಕ ಮಾತ್ರ ಸ್ವಂತದ್ದಿರಲಿ, ಪಕ್ಕಗಳು ಮುಚ್ಚಿದ, ಕೆಟಗರಿ 3 ಅಥವಾ 4ರದ್ದು. ಹಿಮದಿಂದ ಎರಚುವ ಬಿಸಿಲು ಒಂದೇ ದಿನದಲ್ಲಿ ಕಣ್ಣನ್ನು ಮರಳು ಬಿದ್ದಂತೆ ಉರಿಸುತ್ತದೆ. ಹೆಡ್‌ಟಾರ್ಚಿನ ಬ್ಯಾಟರಿ ಚಳಿಗೆ ಸೊರಗುತ್ತದೆ, ರಾತ್ರಿ ಅದನ್ನು ಚೀಲದೊಳಗೆ ಇಟ್ಟುಕೊಂಡೇ ಮಲಗಿ. ವಿಮಾನದಲ್ಲಿ ಒಲೆಯ ಗ್ಯಾಸ್ ಡಬ್ಬಿಯನ್ನು ಯಾವ ಲಗೇಜಿನಲ್ಲೂ ಬಿಡುವುದಿಲ್ಲ, ಅಲ್ಲೇ ಕೊಳ್ಳಿ. ಕೊಳ್ಳುವಾಗ ಬರೀ ಬ್ಯುಟೇನ್ ಇರುವುದು ಬೇಡ. ಅದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಪ್ರೊಪೇನ್, ಐಸೊಬ್ಯುಟೇನ್ ಬೆರೆತದ್ದು ಉರಿಯುತ್ತದೆ.

ಪರ್ವತಾರೋಹಣದ ಹಗ್ಗ, ಹಗ್ಗಕ್ಕೆ ಸಿಕ್ಕಿಸಿಕೊಳ್ಳಲು ಸೊಂಟಕ್ಕೆ ಕಟ್ಟುವ ಹಾರ್ನೆಸ್, ಐಸ್ ಆ್ಯಕ್ಸ್‌ಗಳನ್ನು ತರಬೇತಿಗೆ ಮೊದಲೇ ಕೊಳ್ಳಬೇಡಿ. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಂಥ ಕಡೆ ಬೇಸಿಕ್ ಕೋರ್ಸಿಗೆ ಸೇರಿದವರಿಗೆ ಅವರೇ ಸಾಮಾನು ಕೊಡುತ್ತಾರೆ. ಬಳಸಿ ಕಲಿತ ಮೇಲೆ ಬೇಕಾದದ್ದು ಯಾವುದೆಂದು ತಾನೇ ತಿಳಿಯುತ್ತದೆ. ಬಾದಾಮಿ, ರಾಮನಗರಗಳ ಬಂಡೆ ಏರಲು ಮುಂದೆ ಕೊಂಡರೂ ಯುಐಎಎ ಅಥವಾ ಇಎನ್ ಎಂಬ ಸುರಕ್ಷತೆಯ ಗುರುತು ಇರುವುದನ್ನೇ ಕೊಳ್ಳಿ. ಹಗ್ಗ, ಹಾರ್ನೆಸ್, ಹೆಲ್ಮೆಟ್ ಈ ಮೂರನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಲೇಬಾರದು. ಒಳಗಿನ ಪೆಟ್ಟು ಹೊರಗೆ ಕಾಣುವುದಿಲ್ಲ.

ಕೊಂಡದ್ದನ್ನು ಉಳಿಸಿಕೊಳ್ಳುವ ಕೆಲಸ ಮನೆಗೆ ಬಂದ ರಾತ್ರಿಯೇ ಶುರು. ಎಷ್ಟೇ ಸುಸ್ತಾಗಿದ್ದರೂ ಟೆಂಟನ್ನು ಬಿಡಿಸಿ ಕೋಣೆಯಲ್ಲಿ ಹರವಿ. ಒದ್ದೆಯಾಗಿ ಮಡಚಿಟ್ಟ ಟೆಂಟಿಗೆ ಮೂರೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಕ್ರಮೇಣ ಒಳಲೇಪ ಅಂಟಂಟಾಗಿ ಹಲಸಿನ ಮೇಣದ ಹಾಗೆ ಕೈಗೆ ಹತ್ತುತ್ತದೆ. ಶೂನ ಇನ್‌ಸೋಲ್ ತೆಗೆದು, ಒಳಗೆ ಹಳೆಯ ಪತ್ರಿಕೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ ನೆರಳಲ್ಲಿ ಒಣಗಿಸಿ. ಬಚ್ಚಲೊಲೆಯ ಹತ್ತಿರ ಇಟ್ಟರೆ ಸೋಲಿನ ಅಂಟು ಬಿಡುತ್ತದೆ. ಸ್ಲೀಪಿಂಗ್ ಬ್ಯಾಗನ್ನು ಅದರ ಚಿಕ್ಕ ಚೀಲದಲ್ಲಿ ತಿಂಗಳುಗಟ್ಟಲೆ ಅದುಮಿ ಇಡಬೇಡಿ, ದೊಡ್ಡ ದಿಂಬಿನ ಕವರಿನಲ್ಲಿ ಸಡಿಲವಾಗಿ ತುಂಬಿ ಬೀರುವಿನ ಮೇಲಿಡಿ. ಮಳೆ ಜಾಕೆಟ್ಟನ್ನು ಸೌಮ್ಯ ಸೋಪಿನಲ್ಲಿ ತೊಳೆಯಿರಿ, ಫ್ಯಾಬ್ರಿಕ್ ಕಂಡಿಷನರ್ ಹಾಕಬೇಡಿ. ಹನಿ ಉರುಳದೆ ಬಟ್ಟೆಗೆ ಇಳಿಯತೊಡಗಿದಾಗ ಹೊಸ ಲೇಪದ ಸ್ಪ್ರೇ ಹೊಡೆಯಿರಿ. ಪ್ರತಿ ವರ್ಷ ಮೃಗಶಿರಾ ಮಳೆ ಹಿಡಿಯುವ ಮುಂಚೆ, ಇನ್ನೂ ಬಿಸಿಲಿರುವಾಗ, ಎಲ್ಲವನ್ನೂ ಒಮ್ಮೆ ಅಟ್ಟದಿಂದ ಇಳಿಸಿ ಜಗಲಿಯಲ್ಲಿ ಹರಡಿ, ಜಿಪ್ಪು ಎಳೆದು, ಪಟ್ಟಿ ಜಗ್ಗಿ, ಸೋಲಿನ ಪಕ್ಕಕ್ಕೆ ಹೆಬ್ಬೆರಳು ಒತ್ತಿ ನೋಡಿ.